ಊದಿನಕಡ್ಡಿ ಇಟ್ಟ ಪುಟ

ಊದಿನಕಡ್ಡಿ ಉರಿದು ಮುಗಿದ ಮೇಲೆ ಬುಡದಲ್ಲಿ ಕೆಂಪು ಬಣ್ಣ ಹಾಕಿದ ಬಿದಿರಿನ ತುಂಡೊಂದು ಉಳಿಯುತ್ತದೆ. ಅದನ್ನು ಯಾರೂ ಎತ್ತಿಡುವುದಿಲ್ಲ. ಕಳವಾರ ಎಂಬ ಹಳ್ಳಿಯಿಂದ ನನಗೆ ಹಿಂತಿರುಗಿ ಬರುತ್ತಿದ್ದ ಪ್ರತಿಯೊಂದು ಪುಸ್ತಕದಲ್ಲೂ ಅಂಥ ಒಂದು ಕಡ್ಡಿ ಇರುತ್ತಿತ್ತು. ಪೂರ್ತಿ ಓದಿದ್ದರೆ ಕೊನೆಯ ಪುಟದಲ್ಲಿ. ಆ ಪುಟಕ್ಕೆ ಕೂದಲೆಳೆಯಷ್ಟು ಕೆಂಪು ಹತ್ತಿರುತ್ತಿತ್ತು. ಪುಸ್ತಕ ಬಿಡಿಸಿದರೆ ದೇವರ ಮನೆಯ ವಾಸನೆ ಬರುತ್ತಿತ್ತು.

ಅವೆಲ್ಲ ಕ್ರೈಸ್ತ ಪುಸ್ತಕಗಳು. ನಮ್ಮ ಸಭೆಯ ಕಪಾಟಿನಿಂದ ಹೋದವು.

ಎಂಬತ್ತರ ದಶಕದ ಮಧ್ಯದಲ್ಲಿ ನಾನು ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದ ಒಂದು ಸಣ್ಣ ಸಭೆಯಲ್ಲಿ ಕೆಲಸಕ್ಕೆ ಸೇರಿದೆ. ಸಭೆ ಎಂದರೆ ನಮ್ಮಲ್ಲಿ ಭಾನುವಾರ ಆರಾಧನೆಗೆ ಕೂಡುವ ಜನ. ಅಲ್ಲಿನ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಗಳ ಪುಟ್ಟ ಸಭೆಗಳೂ ಅವರ ಉಸ್ತುವಾರಿಯಲ್ಲೇ ಇದ್ದವು. ಹೆಂಗಸರಿರುವಲ್ಲಿಗೆ ಹೋಗಿ ಓದಿ ಹೇಳುವುದು, ಹೊಲಿಗೆ ಕಲಿಸುವುದು, ಕಾಯಿಲೆ ಬಿದ್ದವರನ್ನು ನೋಡಿಬರುವುದು ನನ್ನ ಪಾಲಿಗೆ ಬಂದ ಕೆಲಸ. ಹುದ್ದೆಗೆ ಸರಿಯಾದ ಹೆಸರಿರಲಿಲ್ಲ. ಸಭೆಯವರು ಸಿಸ್ಟರ್ ಎಂದರು, ಹಳ್ಳಿಯವರು ಹೊಲಿಗೆ ಮೇಡಂ ಎಂದರು, ನನಗಿಂತ ಮೊದಲಿನಿಂದ ಇದೇ ಸೇವೆಯಲ್ಲಿದ್ದ ಹಿರಿಯರಾದ ಸುಗುಣಮ್ಮ ಮಾತ್ರ ಎಂ.ಎ. ಅಮ್ಮಣ್ಣಿ ಎಂದರು.

ಆಮೇಲೆ ನನಗೆ ಬೇರೆ ಬೇರೆ ಹೊಣೆಗಳು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ. ನಿವೃತ್ತಳಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರು ಈಗ ಪುಸ್ತಕಗಳನ್ನು ಫೋನಿನಲ್ಲೇ ಕಳಿಸುತ್ತಾರೆ. ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ನನಗೆ ಗೊತ್ತಿರುವುದೆಲ್ಲ ಬಾಗಿಲುಗಳ ವಿಷಯ.

ಸುಗುಣಮ್ಮ ಏಳನೇ ಕ್ಲಾಸಿನವರೆಗೆ ಓದಿದ್ದವರು. ಬಿಳಿ ಸೀರೆ, ಕಪ್ಪು ಛತ್ರಿ, ಬಟ್ಟೆಯ ಕೈಚೀಲದಲ್ಲಿ ಒಂದೇ ಒಂದು ಪುಸ್ತಕ. ಅದನ್ನು ಓದಿ ಮುಗಿಸುವವರೆಗೆ ಇನ್ನೊಂದು ಪುಸ್ತಕ ಚೀಲಕ್ಕೆ ಹೋಗುತ್ತಿರಲಿಲ್ಲ. ಓದುವುದು ಎಂದರೆ ಅವರ ಲೆಕ್ಕದಲ್ಲಿ ಗಟ್ಟಿಯಾಗಿ, ನಾಲ್ಕು ಜನರಿಗೆ ಕೇಳುವಂತೆ ಓದುವುದು. ಕೆಲಸ ಕಲಿಯಲೆಂದು ಅಯ್ಯನವರು ನನ್ನನ್ನು ಮೊದಲು ಅವರ ಜೊತೆ ಶಿಡ್ಲಘಟ್ಟಕ್ಕೆ ಕಳಿಸಿದರು.

ಅಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳು ಬೀದಿ ಬೀದಿಗೂ ಇದ್ದವು. ಹೆಂಗಸರು ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತ ಸಾಲಾಗಿ ಕೂತಿರುತ್ತಿದ್ದರು. ಉಗಿ, ಬೆಂದ ಹುಳುವಿನ ವಾಸನೆ, ರಾಟೆಗಳ ಸದ್ದು. ನಾವು ಹೋಗುತ್ತಿದ್ದ ಶೆಡ್ಡಿನ ಮಾಲೀಕರು ವಯಸ್ಸಾದ ಸಾಹೇಬರು. ಕಥೆ ಓದಿದರೆ ಹೆಂಗಸರು ಮಾತು ಕಡಿಮೆ ಮಾಡಿ ಕೆಲಸ ಮಾಡುತ್ತಾರೆಂದು ಅವರಿಗೆ ಸುಗುಣಮ್ಮನ ಮೇಲೆ ವಿಶ್ವಾಸ. ಸುಗುಣಮ್ಮ ಬಾಗಿಲಲ್ಲೇ ನಿಂತು, ರಾಟೆಯ ಸದ್ದನ್ನೂ ಮೀರಿ ಓದುತ್ತಿದ್ದರು.

"ಪುಸ್ತಕಾನ ಅವ್ರ ಕೈಗೇ ಕೊಡಬಹುದಲ್ಲ ಅಕ್ಕ?" ಎಂದು ನಾನು ಮೊದಲ ದಿನ ಕೇಳಿದೆ.

"ಯಾವ್ ಕೈಲಿ ಹಿಡ್ಕೋತಾರಮ್ಮ? ಎರಡು ಕೈಯೂ ನೀರಲ್ಲೇ ಐತೆ."

ಮುಂದಿನ ವಾರ ನನ್ನನ್ನು ಓದಲು ನಿಲ್ಲಿಸಿದರು. ನನ್ನ ಗಂಟಲು ಚಿಕ್ಕದು. ಮನೆಯಲ್ಲೂ ಹಾಸ್ಟೆಲಿನಲ್ಲೂ ಯಾರಿಗೂ ಕೇಳದ ಹಾಗೆ ಇರುವುದನ್ನೇ ಒಳ್ಳೆಯ ಗುಣವೆಂದು ಕಲಿತವಳು ನಾನು. ಎರಡು ಪುಟ ಓದುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು.

"ಏನಕ್ಕ, ನಿಮ್ಮ ಹೊಸ ಮೇಡಂ ಬಾಯಲ್ಲಿ ಹತ್ತಿ ಇಟ್ಕೊಂಡವ್ರಾ?"

"ಎಂ.ಎ. ಓದವ್ರೆ ಕಣೇ," ಎಂದರು ಸುಗುಣಮ್ಮ. "ಅಲ್ಲೆಲ್ಲ ಮನಸ್ಸಲ್ಲೇ ಓದ್ಬೇಕು. ಪಕ್ಕದೋರಿಗೆ ಕೇಳಿಸಿದ್ರೆ ಫೇಲ್ ಮಾಡ್ಬಿಡ್ತಾರೆ."

ಶೆಡ್ಡು ತುಂಬ ನಗು. ವಾಪಸ್ ಬರುವ ಬಸ್ಸಿನಲ್ಲಿ ಸುಗುಣಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಗೋಡೆ ಆಚೆ ಇರೋಳಿಗೂ ಕೇಳ್ಬೇಕಮ್ಮ. ಒಳಗೆ ಬರಕ್ಕಾಗ್ದೆ ಆಚೆ ನಿಂತಿರೋಳು ಒಬ್ಳು ಯಾವಾಗ್ಲೂ ಇರ್ತಾಳೆ."

ಆ ಮಾತನ್ನು ನಾನು ಆಗ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಗಟ್ಟಿಯಾಗಿ ಓದುವುದು ಹಳೆಯ ಪದ್ಧತಿ ಎಂದು ನನಗೆ ಖಚಿತವಾಗಿತ್ತು. ಓದು ಎನ್ನುವುದು ಒಬ್ಬರೇ ಕೂತು ಮಾಡುವ ಕೆಲಸ. ಯಾವ ಸಾಲಿಗೆ ನಿಲ್ಲಬೇಕು, ಯಾವ ಸಾಲನ್ನು ಬಿಡಬೇಕು ಎನ್ನುವುದು ಓದುವವರ ಇಷ್ಟ. ನಾನು ಅಯ್ಯನವರಿಗೆ ಇದನ್ನು ಹೇಳಿ, ಮನೆಗಳಿಗೆ ಪುಸ್ತಕ ಎರವಲು ಕೊಡುವ ಏರ್ಪಾಡು ಮಾಡೋಣವೆಂದೆ. ಅವರು ಹೊಸದಕ್ಕೆ ಬೇಡವೆನ್ನುವವರಲ್ಲ. ದೊಡ್ಡ ದನಿಯ, ದೊಡ್ಡ ನಗುವಿನ ಮನುಷ್ಯ. ಮದುವೆಯಿರಲಿ ಸಾವಿರಲಿ ಹಾರ್ಮೋನಿಯಂ ಹೊತ್ತುಕೊಂಡೇ ಹೊರಡುತ್ತಿದ್ದರು. ಆರಾಧನೆಯ ಕೋಣೆಯ ಪಕ್ಕದಲ್ಲಿ ಒಂದು ಮರದ ಕಪಾಟು ಬಂತು. ಪರದೇಶದಿಂದ ಬಂದು ದುಡಿದವರ ಜೀವನಕಥೆಗಳು, ಪ್ರಾರ್ಥನೆಯ ಮೇಲಿನ ಪುಸ್ತಕಗಳು, ಸಂಸಾರದ ಕಥೆಗಳು, ಬಾಣಂತಿಯ ಆರೈಕೆ, ಮಕ್ಕಳ ಕಾಯಿಲೆ. ನಾನು ಓದದ ಪುಸ್ತಕ ಕಪಾಟಿನಿಂದ ಆಚೆ ಹೋಗಬಾರದೆಂದು ನಾನೇ ನಿಯಮ ಮಾಡಿಕೊಂಡೆ. ಪ್ರತಿಯೊಂದಕ್ಕೂ ನ್ಯೂಸ್‌ಪೇಪರಿನ ಹೊದಿಕೆ ಹಾಕಿದೆ. ದಾರಿಯಲ್ಲಿ ಯಾರೂ ಅದೇನು ಪುಸ್ತಕ ಎಂದು ಕೇಳದಿರಲಿ ಎಂದು.

ಸುಗುಣಮ್ಮ ಕಪಾಟಿನ ಮುಂದೆ ನಿಂತು ನೋಡಿ, "ಇವೆಲ್ಲ ಮೂಗಿಯರು ಕಣಮ್ಮ," ಎಂದರು.

ಮೊದಲ ತಪ್ಪು ಗೌರಿಬಿದನೂರಿನಲ್ಲಾಯಿತು. ಅಲ್ಲಿಯ ಸಭೆಯಲ್ಲಿ ಒಬ್ಬ ಗುಮಾಸ್ತರ ಹೆಂಡತಿ, ಮುಂದಿನ ಸಾಲಿನಲ್ಲಿ ಕೂತು ಚೆನ್ನಾಗಿ ಹಾಡುವ ಹೆಂಗಸು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಎದುರಿಗೇ, "ಸಿಸ್ಟರ್, ನಂಗೂ ಒಂದು ಒಳ್ಳೇ ಪುಸ್ತಕ ಕೊಡಿ," ಎಂದರು. ಹಿಂದಿನ ವಾರವಷ್ಟೇ ನಾನು ಒಂದು ಕಥೆ ಓದಿ ಮೆಚ್ಚಿದ್ದೆ. ಕುಡಿತದಿಂದ ಹಾಳಾಗಿ ಮತ್ತೆ ಎದ್ದು ನಿಂತ ಒಂದು ಸಂಸಾರದ ಕಥೆ. ಅದನ್ನೇ ಕೊಟ್ಟೆ. ಕಥೆ ಏನೆಂದು ಎರಡು ಮಾತಿನಲ್ಲಿ ಹೇಳಿದೆ ಕೂಡ. ಸುತ್ತ ನಿಂತಿದ್ದ ಹೆಂಗಸರು ತಲೆ ತಗ್ಗಿಸಿಕೊಂಡರು. ಆಕೆಯ ಗಂಡ ಕುಡಿಯುತ್ತಿದ್ದ ವಿಷಯ ಸಭೆಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮರುವಾರ ಪುಸ್ತಕ ಬೇರೊಬ್ಬರ ಕೈಯಲ್ಲಿ ವಾಪಸ್ ಬಂತು. ಆಕೆ ಮುಂದಿನ ಸಾಲು ಬಿಟ್ಟು ಬಾಗಿಲ ಹತ್ತಿರ ಕೂರತೊಡಗಿದರು. ಕ್ಷಮಿಸಿ ಎಂದು ಹೇಳಲು ಹೋದರೆ ಅದೂ ಆ ವಿಷಯವನ್ನೇ ಎತ್ತಿದಂತಾಗುತ್ತಿತ್ತು.

"ರೋಗ ಏನು ಅಂತ ಕೇಳ್ದೆ ಔಷಧಿ ಕೊಟ್ಟಂಗಾಯ್ತಲ್ಲಮ್ಮ," ಎಂದರು ಅಯ್ಯನವರು.

ಅವರು ಹೇಳಿದ್ದು, ಕೊಡುವ ಮುಂಚೆ ವಿಚಾರಿಸಬೇಕಿತ್ತು ಎಂದು. ನಾನು ಅರ್ಥ ಮಾಡಿಕೊಂಡದ್ದು ಬೇರೆ. ಮನೆಗಳ ಒಳಗಿನ ವಿಷಯಕ್ಕೆ ಕೈಹಾಕಲೇಬಾರದು, ತಿಳಿದರೂ ಆಡಬಾರದು, ಒಂದು ಮನೆಯದನ್ನು ಇನ್ನೊಂದು ಬಾಗಿಲಿಗೆ ಒಯ್ಯಬಾರದು ಎಂದುಕೊಂಡೆ. ಇದು ನನ್ನ ಸ್ವಭಾವಕ್ಕೂ ಒಗ್ಗುವಂಥದು. ವರ್ಷಗಟ್ಟಲೆ ಅದನ್ನು ಪಾಲಿಸಿದೆ.

ಕಳವಾರದ ಹೊಲಿಗೆ ಕ್ಲಾಸು ಶುರುವಾದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಲ್ಲಿ ಸಭೆಯವರು ಯಾರೂ ಇರಲಿಲ್ಲ. ಹಾಲಿನ ಡೈರಿಯ ಅಧ್ಯಕ್ಷರು ನಾರಾಯಣಪ್ಪನವರು. ಜಮೀನು, ದ್ರಾಕ್ಷಿ ತೋಟ, ಊರಿನಲ್ಲಿ ಮಾತು ನಡೆಯುವ ಮನುಷ್ಯ. ಹೆಣ್ಣುಮಕ್ಕಳು ಒಂದು ಕೆಲಸ ಕಲಿಯಲಿ ಎಂದು ಡೈರಿಯ ಕೋಣೆಯನ್ನು ಅವರೇ ಬಿಟ್ಟುಕೊಟ್ಟರು. ಬೆಳಗಿನ ಹಾಲು ಹೋದ ಮೇಲೆ, ಸಂಜೆಯ ಹಾಲು ಬರುವ ಮುಂಚೆ ಆ ಕೋಣೆ ಖಾಲಿ. ಕ್ಯಾನುಗಳನ್ನು ಒತ್ತಟ್ಟಿಗೆ ಸರಿಸಿ ಎರಡು ಹೊಲಿಗೆ ಯಂತ್ರ ಇಟ್ಟೆವು. ಡೈರಿಯ ಹಿಂದಿನ ಕಿಟಕಿ ತೆಗೆದರೆ ನಾರಾಯಣಪ್ಪನವರ ಹಿತ್ತಲು, ಬಟ್ಟೆ ಒಗೆಯುವ ಕಲ್ಲು ಕಾಣುತ್ತಿತ್ತು. ಶುಕ್ರವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ.

ಅವರ ಸೊಸೆ ಸರೋಜ ಕ್ಲಾಸಿಗೆ ಬರುತ್ತಿದ್ದಳು. ತೊಂಡೇಬಾವಿಯವಳು. ತವರುಮನೆ ಸ್ಟೇಷನ್ನಿನ ಹತ್ತಿರ. ಪ್ರಯಾಣಿಕರು ಬೆಂಚಿನ ಮೇಲೆ ಬಿಟ್ಟುಹೋದ ವಾರಪತ್ರಿಕೆಗಳನ್ನು ಹೆಕ್ಕಿಕೊಂಡು ಓದಿ ಬೆಳೆದವಳು. ಪಿಯುಸಿ ಮುಗಿದ ಕೂಡಲೇ ಮದುವೆ. ಅತ್ತೆಯ ಮನೆಯಲ್ಲಿ ಓದಲು ಸಿಗುತ್ತಿದ್ದದ್ದು ಗೋಡೆಯ ಕ್ಯಾಲೆಂಡರು, ಬೀಜದ ಪೊಟ್ಟಣದ ಮೇಲಿನ ಬರಹ, ಅಷ್ಟೆ. ಎರಡನೆಯ ವಾರವೋ ಮೂರನೆಯ ವಾರವೋ, ಬಸ್ಸಿನಲ್ಲಿ ಓದಲೆಂದು ನಾನು ತಂದಿದ್ದ ಪುಸ್ತಕ ಯಂತ್ರದ ಮೇಲಿತ್ತು.

"ಮೇಡಂ, ಅದು ಯಾವ್ ಪುಸ್ತಕ?"

"ಕ್ರೈಸ್ತ ಪುಸ್ತಕ. ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ."

"ಅಕ್ಷರ ಕನ್ನಡದ್ದೇ ತಾನೆ?" ಎಂದು ಕೈ ಚಾಚಿದಳು.

ಅವಳ ಪ್ಲಾಸ್ಟಿಕ್ ವೈರಿನ ಬುಟ್ಟಿಯಲ್ಲಿ ಬ್ಲೌಸ್ ಪೀಸಿನ ಕೆಳಗೆ ಪುಸ್ತಕ ಹೋಗುತ್ತಿತ್ತು, ಮುಂದಿನ ಶುಕ್ರವಾರ ಹಾಗೇ ಬರುತ್ತಿತ್ತು. ಅವಳಷ್ಟು ಚೆನ್ನಾಗಿ ಓದುವವರನ್ನು ನಾನು ನಮ್ಮ ನಾಲ್ಕು ಸಭೆಗಳಲ್ಲೂ ಕಂಡಿರಲಿಲ್ಲ. ಕಾಜ ಹೊಲಿಯುತ್ತ ತಲೆ ಎತ್ತದೆ ಹೇಳುತ್ತಿದ್ದಳು: "ಇದ್ರಲ್ಲಿ ಕೊನೇಲಿ ಎಲ್ರೂ ಒಳ್ಳೇವ್ರಾಗ್ಬಿಡ್ತಾರೆ ಮೇಡಂ. ನಮ್ಮತ್ತೇನ ಒಂದ್ ತಿಂಗ್ಳು ಈ ಪುಸ್ತಕದೊಳಗೆ ಬಿಟ್ಟು ಬರ್ಬೇಕು." ಪಕ್ಕದ ಯಂತ್ರದ ಹುಡುಗಿ ಕಿಸಕ್ಕನೆ ನಗುತ್ತಿದ್ದಳು. ಇನ್ನೊಮ್ಮೆ, ಪ್ರಾರ್ಥನೆಯ ಮೇಲಿನ ಪುಸ್ತಕ ಹಿಂತಿರುಗಿಸುತ್ತ, "ದೇವ್ರ ಹತ್ರ ಇಷ್ಟೊಂದು ಮಾತಾಡ್ತಾರಲ್ಲ ಇವ್ರು, ಮನೇಲಿ ಯಾರೂ ಮಾತಾಡ್ಸಲ್ವೇನೋ," ಎಂದಳು. ಎಂ.ಎ. ತರಗತಿಯಲ್ಲಿ ಕೂತಿದ್ದ ನನಗೆ ಅಂಥ ಮಾತು ಹೊಳೆದಿರಲಿಲ್ಲ.

ಅವಳು ಕ್ರೈಸ್ತಳಾಗಲಿ ಎಂದು ನನಗೆ ಅನಿಸಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಕೇಳಲಿಲ್ಲ. ಅವಳಿಗೆ ಬೇಕಿದ್ದದ್ದು ಓದು ಎಂದು ನನಗೆ ಗೊತ್ತಿತ್ತು.

ಒಂದು ಶುಕ್ರವಾರ ನಾನು ಹಿಂತಿರುಗಿ ಬಂದ ಪುಸ್ತಕದಿಂದ ಕೆಂಪು ಕಡ್ಡಿ ತೆಗೆದು ಕಿಟಕಿಯಲ್ಲಿಟ್ಟೆ. ಅವಳು ನೋಡಿದಳು.

"ನಾನು ದೇವ್ರ ಮನೇಲಿ ಕೂತು ಓದೋದು ಮೇಡಂ. ತಪ್ಪಾ?"

"ನನಗೆ ತಪ್ಪು ಅನ್ಸಲ್ಲ."

"ಬೇರೆಲ್ಲಿ ಕೂತ್ರೂ ಸರೋಜಾ ಅಂತ ಕೂಗ್ತಾರೆ. ಅಲ್ಲಿ ಕೂತ್ರೆ ಯಾರೂ ಕರೆಯಲ್ಲ. ಒಂದು ಊದಿನಕಡ್ಡಿ ಹಚ್ಚಿದ್ರೆ ಅದು ಮುಗಿಯೋ ತನಕ ನಂದೇ ಹೊತ್ತು." ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಮ್ಮತ್ತೆ ಊರೆಲ್ಲ ಹೇಳ್ಕೊಂಡ್ ಬರ್ತಾವ್ರೆ, ನನ್ನ ಸೊಸೆ ಭಾರಿ ದೈವಭಕ್ತೆ, ದೇವ್ರ ಮನೆ ಬಿಟ್ಟು ಏಳಲ್ಲ ಅಂತ."

ನನಗೂ ನಗು ಬಂತು. ಅವಳು ನಗುವುದನ್ನು ನಿಲ್ಲಿಸಿ ಸೂಜಿಗೆ ದಾರ ಪೋಣಿಸಿದಳು.

"ಇದೊಂದು ನಿಂತೋದ್ರೆ ಆ ಮನೇಲಿ ನಂದು ಅಂತ ಏನೂ ಇಲ್ಲ ಮೇಡಂ."

ನಾನು ಏನೂ ಹೇಳಲಿಲ್ಲ. ಹೇಳದಿರುವುದೇ ಭರವಸೆ ಎಂದುಕೊಂಡಿದ್ದೆ.

ಕ್ಲಾಸು ಶುರುವಾದ ಮರುವರ್ಷದ ನವೆಂಬರಿನಲ್ಲಿ ಅವಳಿಗೆ ಒಬ್ಬ ದಾದಿಯ ಕಥೆ ಕೊಟ್ಟೆ. ಹಡಗಿನಲ್ಲಿ ಬಂದು, ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ದುಡಿದು, ವಯಸ್ಸಾಗುವ ಹೊತ್ತಿಗೆ ಊರಿಗೆ ಹಿಂತಿರುಗು ಎಂದು ತಂಗಿಯಿಂದ ಕರೆ ಬರುವ ಹೆಂಗಸಿನ ಕಥೆ. ದಪ್ಪ ಪುಸ್ತಕ. ಕೆಲಸ ಹೆಚ್ಚಿದ್ದ ದಿನಗಳು, ಸರೋಜ ವಾರಕ್ಕೆ ಸ್ವಲ್ಪ ಸ್ವಲ್ಪವೇ ಓದುತ್ತಿದ್ದಳು. ಡಿಸೆಂಬರಿನ ಮೊದಲ ಶುಕ್ರವಾರ ಕೇಳಿದಳು:

"ಆಯಮ್ಮ ವಾಪಸ್ ಹೋಗ್ತಾಳಾ ಮೇಡಂ? ಅಲ್ಲೀಗಂಟ ಬಂದಿದೀನಿ."

"ಓದಿ ನೋಡಿ," ಎಂದೆ.

ಪುಸ್ತಕ ಕೊಡುವವರು ಹೇಳುವ ಮಾತು ಅದು. ಬೇರೆ ಯಾವಾಗಲಾದರೂ ಅದೇ ಸರಿಯಾದ ಉತ್ತರ.

ಅದೇ ವಾರ ಅಯ್ಯನವರು ಕಪಾಟಿನ ಮುಂದೆ ನಿಂತಿದ್ದರು. ಯಾವುದೋ ಪುಸ್ತಕ ತೆಗೆದು ಮೂಗಿನ ಹತ್ತಿರ ಹಿಡಿದರು. "ಏನಮ್ಮಾ ಇದು, ಊದಿನಕಡ್ಡಿ ಅಂಗಡೀಲಿ ಇಟ್ಟಿದ್ರಾ?"

"ಕಳವಾರದಿಂದ ಬಂದದ್ದು."

"ಕಳವಾರದಲ್ಲಿ ನಮ್ಮ ಪುಸ್ತಕ ಓದೋರು ಯಾರು?"

"ನಾರಾಯಣಪ್ಪನವರ ಸೊಸೆ, ಸರೋಜ. ಎಲ್ಲಾನೂ ಓದಿದಾರೆ. ಒಂದೋ ಎರಡೋ ಬಾಕಿ."

"ಎಲ್ಲಾನೂ?" ಅವರ ಮುಖ ಅರಳಿತು. "ನಾನೇ ಎಲ್ಲಾನೂ ಓದಿಲ್ವಲ್ಲಮ್ಮ."

ಅವಳ ಮನೆಯವರಿಗೆ ಗೊತ್ತಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಿದರೆ ಅತ್ತೆಯ ವಿಷಯ ಹೇಳಬೇಕು, ದೇವರ ಮನೆಯ ವಿಷಯ ಹೇಳಬೇಕು. ಅದು ಅವಳ ಮನೆಯ ಒಳಗಿನದು, ನನ್ನದಲ್ಲ. ಬಾಯಿ ಮುಚ್ಚಿಕೊಂಡೆ. ಎರಡು ದಿನದಲ್ಲಿ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೋದೆ. ಕ್ರಿಸ್‌ಮಸ್ಸಿಗೂ ಬರಲಾಗಲಿಲ್ಲ.

ಕ್ರಿಸ್‌ಮಸ್ಸಿನ ಮುಂಚಿನ ವಾರ ನಮ್ಮಲ್ಲಿ ಕ್ಯಾರಲ್ ಹಾಡುವವರ ಗುಂಪು ಮನೆ ಮನೆಗೆ ಹೋಗುತ್ತದೆ. ಸಭೆಯವರ ಮನೆಗಳಿಗೆ ಮಾತ್ರವಲ್ಲ, ಸಭೆಗೆ ಬೇಕಾದವರ ಮನೆಗಳಿಗೂ. ಬಾಗಿಲಿಗೆ ಬಂದು ಹಾಡುವುದು ನಮ್ಮ ಕಡೆಯಿಂದ ಮಾಡಬಹುದಾದ ದೊಡ್ಡ ಮರ್ಯಾದೆ. ಹಿಂದಿನ ವರ್ಷ ಕಳವಾರದ ಡೈರಿಯ ಮುಂದೆ ಹಾಡಿದಾಗ ನಾರಾಯಣಪ್ಪನವರೇ ಎಲ್ಲರಿಗೂ ಮಜ್ಜಿಗೆ ಕೊಡಿಸಿದ್ದರು. ಹಾಗಾಗಿ ಅಯ್ಯನವರಿಗೆ ಯಾವ ಅಳುಕೂ ಇರಲಿಲ್ಲ. ಆ ವರ್ಷ ಅವರು ಒಂದು ಹೊಸ ಏರ್ಪಾಡು ಮಾಡಿದರು. ಕಪಾಟಿನ ಪುಸ್ತಕಗಳನ್ನು ಅತಿ ಹೆಚ್ಚು ಓದಿದವರಿಗೆ ಬಹುಮಾನ.

ಹೊಸವರ್ಷ ಕಳೆದು ನಾನು ವಾಪಸ್ ಬಂದ ದಿನ ಸುಗುಣಮ್ಮ ನಡೆದದ್ದನ್ನು ಹೇಳಿದರು. ಹೇಳಲು ಶುರುಮಾಡಿದಾಗ ಅವರ ದನಿಯಲ್ಲಿ ಸಂಭ್ರಮವಿತ್ತು.

"ನಾಲ್ಕು ಗಂಟೆ ಬಿಸಿಲಲ್ಲಿ ಹೋದ್ವಮ್ಮ. ಡೋಲಕ್ಕು, ಹಾರ್ಮೋನಿಯಂ, ಹುಡುಗ್ರೆಲ್ಲ ಹೊಸ ಬಟ್ಟೆ. ನಾರಾಯಣಪ್ಪನೋರು ಜಗುಲಿ ಮೇಲೆ ಚಾಪೆ ಹಾಸ್ಸಿದ್ರು. ಅವ್ರ ಹೆಂಡ್ತೀನೂ ಬಂದು ನಿಂತ್ಕೊಂಡ್ರು. ಊರೋರೆಲ್ಲ ಸೇರಿದ್ರು. ಮೂರು ಹಾಡು ಆಯ್ತು. ಆಮೇಲೆ ಅಯ್ಯನೋರು ಡೋಲಕ್ ನಿಲ್ಸಿ, ಕಲರ್ ಪೇಪರ್ ಸುತ್ತಿದ ಬಹುಮಾನ ಎತ್ತಿ ತೋರ್ಸಿ, ನಮ್ಮ ಕಪಾಟಿನ ಪುಸ್ತಕ ಪೂರ್ತಿ ಓದಿರೋರು ನಾಲ್ಕು ತಾಲ್ಲೂಕಲ್ಲಿ ಒಬ್ರೇ, ಅವ್ರು ಈ ಮನೆ ಸೊಸೆ ಸರೋಜಮ್ಮ ಅಂದ್ರು. ನಾವೆಲ್ಲ ಚಪ್ಪಾಳೆ ಹೊಡುದ್ವಿ."

ಸುಗುಣಮ್ಮ ಅಲ್ಲಿಗೆ ನಿಂತರು.

"ಆಮೇಲೆ?"

"ಚಪ್ಪಾಳೆ ನಮ್ದೇ ಕೇಳುಸ್ತಿತ್ತಮ್ಮ. ಆ ಹುಡುಗಿ ಬಾಗ್ಲ ಹಿಂದಿಂದ ಈಚೆಗೇ ಬರ್ಲಿಲ್ಲ. ಅತ್ತೆ ಹೋಗಿ ಕರೀತೀನಿ ಅಂತ ಒಳಕ್ಕೆ ಹೋದ್ರು, ಅವ್ರೂ ಬರ್ಲಿಲ್ಲ. ನಾರಾಯಣಪ್ಪನೋರೇ ಬಹುಮಾನ ಇಸ್ಕೊಂಡು, ಕಾಫಿ ಕುಡ್ಕೊಂಡು ಹೋಗಿ ಅಂದ್ರು. ಕಾಫಿ ಬಂತು. ನಾನು ಲೋಟ ಹಂಗೇ ಇಟ್ಟು ಎದ್ದೆ." ನನ್ನ ಮುಖ ನೋಡಿ ಕೇಳಿದರು: "ಅವ್ರ ಮನೆಯೋರ್ಗೆ ಗೊತ್ತಿರ್ಲಿಲ್ವೇನಮ್ಮ?"

ಅಯ್ಯನವರಿಗೆ ವಿಷಯ ತಿಳಿದಾಗ ಅವರು ಹಾರ್ಮೋನಿಯಂ ಮುಚ್ಚಿಟ್ಟರು. ಗದರಲಿಲ್ಲ. "ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದರು ಅಷ್ಟೆ. ತಾವೇ ಹೋಗಿ ಮಾತಾಡಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ನಾನೇ ತಡೆದೆ. ಇನ್ನೊಂದು ಸಲ ಆ ಬಾಗಿಲಿಗೆ ನಮ್ಮವರು ಹೋಗುವುದು ಬೇಡವೆನಿಸಿತು.

ಗುರುವಾರ ನಾರಾಯಣಪ್ಪನವರೇ ಬಂದರು. ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು. ಇನ್ನೊಂದು ಟವೆಲ್ಲಿನಲ್ಲಿ ಸುತ್ತಿದ ಎರಡು ಪುಸ್ತಕ ಕೈಯಲ್ಲಿದ್ದವು. ಒಂದು ಕಲರ್ ಪೇಪರ್ ಬಿಚ್ಚದ ಬಹುಮಾನ, ಇನ್ನೊಂದು ದಾದಿಯ ಕಥೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಒಳಗೆ ಬಂದರು. ಕುರ್ಚಿ ಕೊಟ್ಟೆ. ಕೂತರು.

"ಅಮ್ಮನೋರ ಕಣ್ಣು ಹೆಂಗಿದೆಯಮ್ಮ ಈಗ? ಕಟ್ಟು ಬಿಚ್ಚಿದ್ರಾ?"

"ಬಿಚ್ಚಿದಾರೆ. ಪರವಾಗಿಲ್ಲ."

"ಸಂತೋಷ." ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. "ಇವು ನಿಮ್ಮವು. ಇನ್ಮೇಲೆ ನಮ್ಮನೆ ಹೆಣ್ಮಗಳಿಗೆ ಪುಸ್ತಕ ಬೇಡಮ್ಮ."

"ಅವರು ಬರೀ ಓದ್ತಿದ್ರು. ಅಷ್ಟೆ. ಬೇರೇನೂ ಇರಲಿಲ್ಲ," ಎಂದೆ.

"ಇರ್ಬೋದು. ನಾನು ನಿಮ್ಮನ್ನ ಅನುಮಾನ ಪಡಲ್ಲ. ಓದಿದ್ಕೂ ನಂಗೆ ಬೇಜಾರಿಲ್ಲ." ಟವೆಲ್ಲನ್ನು ಮಡಿಸುತ್ತಿದ್ದರು, ಬಿಚ್ಚಿ ಮತ್ತೆ ಮಡಿಸುತ್ತಿದ್ದರು. "ನಮ್ಮನೆಯೋಳು ಊರಲ್ಲೆಲ್ಲ ಹೇಳ್ಕೊಂಡಿದ್ಲಮ್ಮ, ನನ್ನ ಸೊಸೆ ದೇವ್ರ ಮನೆ ಬಿಟ್ಟು ಏಳಲ್ಲ ಅಂತ. ಈಗ ನೀರಿಗೋದ್ರೆ ಹೆಂಗಸ್ರು ಅದನ್ನೇ ಕೇಳಿ ನಗ್ತಾವ್ರೆ. ಅವ್ಳು ಮೂರು ದಿನ ಊಟ ಸರಿಯಾಗಿ ಮಾಡ್ಲಿಲ್ಲ."

ಅವರು ಎದ್ದರು.

"ಹೊಲಿಗೆ ಕ್ಲಾಸು ನಡೀಲಿ. ನಾಳೆ ಬನ್ನಿ. ಸರೋಜ ಬರಲ್ಲ, ಬಾಕಿ ಹುಡ್ಗೀರು ಬರ್ತಾರೆ. ಜಾಗ ಕೊಟ್ಟ ಮಾತು ಕೊಟ್ಟಂಗೇ."

ಅವರು ಕೂಗಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ. ಮೆಟ್ಟಿಲಿನವರೆಗೆ ಹೋಗಿ ಅವರನ್ನು ಕಳಿಸಿಬಂದೆ.

ಅವರು ಹೋದ ಮೇಲೆ ದಾದಿಯ ಕಥೆ ಬಿಡಿಸಿದೆ. ಕೆಂಪು ಕಡ್ಡಿ ಕೊನೆಗಿಂತ ಒಂದು ಅಧ್ಯಾಯ ಮುಂಚೆಯೇ ಇತ್ತು. ತಂಗಿಯ ಕರೆ ಬಂದಿದೆ, ಹಡಗಿನ ಟಿಕೆಟ್ಟೂ ಬಂದಿದೆ, ಆಕೆ ಇನ್ನೂ ಏನೂ ಹೇಳಿಲ್ಲ. ಅಲ್ಲಿ.

ಆಮೇಲೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯ ಹೊತ್ತಿಗೆ ಡೈರಿಯ ಕೋಣೆ ನಮ್ಮ ಕೈತಪ್ಪಿತು. ಹಾಲು ತಣ್ಣಗಿಡುವ ಯಂತ್ರ ಬರುತ್ತದೆಂದರು. ಬಂದದ್ದೂ ನಿಜ. ಸರೋಜಳನ್ನು ಮತ್ತೆ ನಾನು ನೋಡಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಹಾಗೇ ಕಂಡ ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ಅಂಗಡಿಯಲ್ಲಿ ತೂಗುಬಿಟ್ಟ ವಾರಪತ್ರಿಕೆಗಳನ್ನು ನಿಂತು ನೋಡುತ್ತಿದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಬಸ್ಸು ಹತ್ತಿದ್ದಳು. ಅವಳೇ ಎಂದು ಹೇಳಲಾರೆ.

ನನ್ನನ್ನು ಚಿಂತಾಮಣಿಗೆ ಹಾಕಿದರು. ಅಲ್ಲಿ ತೆಲುಗಿನ ಮಾತೇ ಹೆಚ್ಚು. ಕಪಾಟಿನ ಕಾಲವೂ ಮುಗಿಯುತ್ತ ಬಂದಿತ್ತು. ಕ್ಯಾಸೆಟ್ಟುಗಳು ಬಂದವು. ಸಂದೇಶವನ್ನೂ ಹಾಡನ್ನೂ ಟೇಪ್ ರೆಕಾರ್ಡರಿನಲ್ಲಿ ಹಾಕಿ ನಾವು ಸುಮ್ಮನೆ ಕೂರುತ್ತಿದ್ದೆವು. ಆದರೂ ಒಬ್ಬ ಅಜ್ಜ ಪ್ರತಿ ವಾರ ನನ್ನಿಂದ ತಪ್ಪದೆ ಒಂದು ಪುಸ್ತಕ ತೆಗೆದುಕೊಳ್ಳುತ್ತಿದ್ದ. ತಿಂಗಳುಗಳಾದ ಮೇಲೆ ಗೊತ್ತಾಯಿತು, ಅವನಿಗೆ ಓದಲು ಬರುತ್ತಿರಲಿಲ್ಲ. ಮತ್ತೆ ಯಾಕೆ ತಗೋತೀಯ ತಾತ ಎಂದರೆ, "ಪುಸ್ತಕಂ ಉಂಟೇ ನುವ್ವು ವಸ್ತಾವು ಕದಮ್ಮಾ," ಎಂದ. ಪುಸ್ತಕ ಇದ್ದರೆ ವಾಪಸ್ ತಗೊಳ್ಳೋಕೆ ನೀನು ಬರ್ತೀಯಲ್ಲ ಎಂದು. ಅಂದಿನಿಂದ ಅವನ ಜಗುಲಿಯಲ್ಲಿ ಕೂತು, ನನಗೆ ಬರುವಷ್ಟು ತೆಲುಗಿನಲ್ಲಿ ಆ ಪುಸ್ತಕವನ್ನೇ ಹೇಳಿ ಬರತೊಡಗಿದೆ. ಸುಗುಣಮ್ಮ ಆಗ ಇರಲಿಲ್ಲ. ಇದ್ದಿದ್ದರೆ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಿದ್ದರು.

ಹುಡುಗಿಯರು ಬಂದು ಕೇಳಿದಾಗ ನಾನು ಹೇಳುವುದು ಇಷ್ಟೇ. ಒಬ್ಬರು ನಿಮ್ಮ ಹತ್ತಿರ ಏನನ್ನಾದರೂ ಗುಟ್ಟಾಗಿ ಇಟ್ಟರೆ, ಅದು ಗುಟ್ಟು ಎನ್ನುವುದನ್ನಾದರೂ ನಿಮ್ಮ ಮೇಲಿನವರಿಗೆ ಹೇಳಿ. ಏನೆಂದು ಹೇಳಬೇಕಿಲ್ಲ. ಆ ಮನೆಗೆ ಹೋಗಬೇಡಿ ಎಂದು ನಾನು ಅಯ್ಯನವರಿಗೆ ಹೇಳಿದ್ದರೆ ಸಾಕಿತ್ತು. ನನ್ನ ಮೌನವನ್ನು ನಾನು ಅವಳ ಕಾವಲು ಎಂದುಕೊಂಡಿದ್ದೆ.

ನಾರಾಯಣಪ್ಪನವರು ಬಂದುಹೋದ ಮರುದಿನ ಶುಕ್ರವಾರ. ಬೆಳಿಗ್ಗೆ ಎಂದಿನ ಬಸ್ಸಿಗೆ ಕಳವಾರಕ್ಕೆ ಹೋದೆ. ಹಾಲಿನ ಗಾಡಿ ಆಗಷ್ಟೇ ಹೊರಟಿತ್ತು, ನೆಲ ಇನ್ನೂ ಒದ್ದೆ. ಹುಡುಗಿಯರು ನಾಲ್ಕೈದು ಜನ ಬಂದಿದ್ದರು. ಕ್ಯಾನುಗಳನ್ನು ಸರಿಸಿ ಯಂತ್ರಗಳ ಮುಸುಕು ತೆಗೆದರು. ಒಂದು ಜಾಗ ಖಾಲಿ ಬಿಟ್ಟು ಕೂತರು. ಎಲ್ಲರಿಗೂ ಹೆಮ್ಮಿಂಗ್ ಹಾಕಲು ಬಟ್ಟೆ ಕೊಟ್ಟೆ. ಆಮೇಲೆ ಹಿಂದಿನ ಕಿಟಕಿ ತೆಗೆದೆ. ಹಿತ್ತಲಿನ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕಿಟಕಿಗೂ ಕಲ್ಲಿಗೂ ನಡುವೆ ಒಣಹಾಕಿದ್ದ ಸೀರೆಗಳು ಅಡ್ಡವಿದ್ದದ್ದರಿಂದ ಒಗೆಯುವವರು ಕಾಣಲಿಲ್ಲ.

ಕಿಟಕಿಯ ಪಕ್ಕದಲ್ಲಿ ನಿಂತು ಚೀಲದಿಂದ ದಾದಿಯ ಕಥೆ ತೆಗೆದೆ. ಕೆಂಪು ಕಡ್ಡಿ ಇದ್ದ ಪುಟ ಬಿಡಿಸಿ ಓದತೊಡಗಿದೆ. ಮೊದಲ ಸಾಲಿಗೇ ದನಿ ಒಡೆಯಿತು. ಕೆಮ್ಮಿ ಮತ್ತೆ ಶುರುಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಹತ್ತಿರ ಕೂತಿದ್ದ ಹುಡುಗಿ ಸೂಜಿ ನಿಲ್ಲಿಸಿ ತಲೆ ಎತ್ತಿದಳು.

"ಮೇಡಂ, ನಾವು ಇಲ್ಲೇ ಇದೀವಲ್ಲ. ಯಾಕಿಷ್ಟು ಜೋರಾಗಿ?"

ನಾನು ಪುಟ ತಿರುಗಿಸಿದೆ. ಬಟ್ಟೆ ಒಗೆಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು, ಯಾರು ಒಗೆದರೂ ಹಾಗೆಯೇ. ಕೊನೆಯವರೆಗೂ ಓದಿದೆ. ಆಕೆ ಹಡಗು ಹತ್ತಲಿಲ್ಲ ಎಂಬ ಸಾಲು ಬಂದಾಗ ಅದನ್ನು ಎರಡು ಸಲ ಓದಿದೆ.